ಸೂರಃ ಅರ್ರೂಮ್: ನಾವು ಓದದೆ ಬಿಟ್ಟ ಯುದ್ಧ

ಏಳನೇ ಶತಮಾನದ ಎರಡನೇ ದಶಕದಲ್ಲಿ ಶಾಮ್‌ನ ಕಡೆಯಿಂದ ಮಕ್ಕಾಕ್ಕೆ ಬಂದ ಸುದ್ದಿಯೊಂದು ಅಲ್ಲಿನ ಎರಡು ಪಂಗಡಗಳನ್ನು ಎರಡು ಬಗೆಯಾಗಿ ಕಲಕಿತು. ರೋಮನ್ನರು ಸೋತಿದ್ದರು. 613ರಲ್ಲಿ ಡಮಾಸ್ಕಸ್ ಕೈಬಿಟ್ಟಿತ್ತು, 614ರಲ್ಲಿ ಜೆರುಸಲೇಮ್ ಕೂಡಾ ಪರ್ಶಿಯನ್ನರ ವಶವಾಯಿತು. ಕುರೈಶ್ ಮುಖಂಡರು ಹಿಗ್ಗಿದರು. ಪರ್ಶಿಯನ್ನರು ನಮ್ಮಂತೆ ಗ್ರಂಥವಿಲ್ಲದವರು, ರೋಮನ್ನರು ನಿಮ್ಮಂತೆ ಗ್ರಂಥವನ್ನು ನಂಬಿದವರು. ಅಲ್ಲಿ ಅವರಿಗಾದ ಗತಿಯೇ ಇಲ್ಲಿ ನಿಮಗೂ ಆಗಲಿದೆ ಎಂಬುದು ಮುಸ್ಲಿಮರನ್ನು ಕುರಿತ ಅವರ ಚುಚ್ಚುಮಾತಾಗಿತ್ತು. ಆ ಸಂದರ್ಭದಲ್ಲಿ ಪವಿತ್ರ ಕುರ್‌ಆನಿನ 30ನೇ ಅಧ್ಯಾಯವಾದ ಅರ್ರೂಮ್‌ನ ಆರಂಭದ ಸೂಕ್ತಗಳು ಅವತೀರ್ಣಗೊಂಡವು. ಸೋತವರು ಕೆಲವೇ ವರ್ಷಗಳಲ್ಲಿ ಮತ್ತೆ ಗೆಲ್ಲುವರೆಂದು ಅವು ಸಾರಿದವು. 'ಕೆಲವು' ಎಂಬುದಕ್ಕೆ ಅಲ್ಲಿ ಬಳಕೆಯಾಗಿರುವ ಅರಬಿ ಪದವು ಮೂರರಿಂದ ಒಂಬತ್ತರವರೆಗಿನ ಸಂಖ್ಯೆಯನ್ನು ಸೂಚಿಸುತ್ತದೆ. ಅಬೂಬಕರ್ ಸಿದ್ದೀಕ್(ರ) ಈ ಮಾತಿನ ಮೇಲೆ ಕುರೈಶರ ಉಬೈಯ್ ಬಿನ್ ಖಲಫ್‌ನೊಂದಿಗೆ ಒಂಟೆಗಳನ್ನು ಪಣಕ್ಕಿಟ್ಟರೆಂದು ತಫ್ಸೀರ್ ಗ್ರಂಥಗಳು ವರದಿ ಮಾಡುತ್ತವೆ. ಪಣವು ಇನ್ನೂ ನಿಷಿದ್ಧವಾಗಿರದಿದ್ದ ಕಾಲವದು.

ಇಷ್ಟು ಕಥೆ ನಮಗೆಲ್ಲ ಗೊತ್ತು. ಮದ್ರಸದ ಮಕ್ಕಳಿಗೂ ಗೊತ್ತು. ಭವಿಷ್ಯವಾಣಿ ನಿಜವಾಯಿತು, ಕುರ್‌ಆನ್ ದೇವವಾಣಿಯೆಂಬುದಕ್ಕೆ ಇದೊಂದು ಪುರಾವೆ ಎನ್ನುವಲ್ಲಿಗೆ ನಮ್ಮ ಭಾಷಣಕಾರರು ವಿಷಯವನ್ನು ಮುಗಿಸುತ್ತಾರೆ. ಇತ್ತೀಚೆಗೆ ಇನ್ನೊಂದು ಸೇರಿಕೊಂಡಿದೆ. ಸೋಲು ಸಂಭವಿಸಿದ ಸ್ಥಳವನ್ನು ಸೂಚಿಸುವ ಪದಕ್ಕೆ 'ಅತ್ಯಂತ ತಗ್ಗಿನ ನೆಲ' ಎಂಬ ಅರ್ಥ ಹಚ್ಚಿ, ಮೃತ ಸಮುದ್ರದ ದಂಡೆಯು ಭೂಮಿಯಲ್ಲೇ ತಗ್ಗಿನ ಪ್ರದೇಶವೆಂಬ ವಿಜ್ಞಾನವೂ ಅದರಲ್ಲಿದೆಯೆಂದು ತೋರಿಸುವ ವಿಡಿಯೋಗಳು ಫೋನಿನಿಂದ ಫೋನಿಗೆ ಹರಿದಾಡುತ್ತಿವೆ. ಹಿಂದಿನ ವ್ಯಾಖ್ಯಾನಕಾರರು ಆ ಪದವನ್ನು 'ಅರಬರ ನೆಲಕ್ಕೆ ಸಮೀಪದ ನಾಡು' ಎಂದು ಸರಳವಾಗಿ ಅರ್ಥೈಸಿದ್ದರು. ಅಷ್ಟರಿಂದ ಅವರ ಈಮಾನಿಗೇನೂ ಕೊರತೆಯಾಗಿರಲಿಲ್ಲ.

ಭವಿಷ್ಯವಾಣಿಯ ಸತ್ಯದಲ್ಲಿ ನನಗೆ ಸಂಶಯವಿಲ್ಲ. ನನ್ನ ತಕರಾರು ಬೇರೆ. ನಾವು ಆ ಅಧ್ಯಾಯದ ಮೊದಲ ಆರೇಳು ಸೂಕ್ತಗಳನ್ನು ಓದಿ ಪುಸ್ತಕ ಮುಚ್ಚುತ್ತೇವೆ. ಒಂಬತ್ತನೇ ಸೂಕ್ತಕ್ಕೆ ಹೋಗುವುದಿಲ್ಲ. ರೋಮನ್ನರ ಗೆಲುವಿನ ಮಾತು ಬಂದ ಬೆನ್ನಿಗೇ ಕುರ್‌ಆನ್ ಅಲ್ಲಿ ಮಾತನ್ನು ಹೊರಳಿಸುತ್ತದೆ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು, ಇವರಿಗಿಂತ ಬಲಿಷ್ಠರಾಗಿದ್ದವರು, ನೆಲವನ್ನು ಉತ್ತು ಇವರಿಗಿಂತ ಹೆಚ್ಚಾಗಿ ಕಟ್ಟಡಗಳನ್ನು ಕಟ್ಟಿ ಮೆರೆದವರು ಎಲ್ಲಿಗೆ ಮುಟ್ಟಿದರೆಂದು ಅದು ಕೇಳುತ್ತದೆ. ಗೆಲುವಿನ ಸುದ್ದಿಯ ಪಕ್ಕದಲ್ಲೇ ಅವಶೇಷಗಳ ಮಾತೇಕೆ ಬಂತು? ಆ ಯುದ್ಧದ ಚರಿತ್ರೆಯನ್ನು ತಿಳಿದರೆ ಕಾರಣ ತಿಳಿಯುತ್ತದೆ. ಯಾರು ಗೆಲ್ಲುವರೆಂಬ ಪ್ರಶ್ನೆಯಷ್ಟನ್ನೇ ಹಿಡಿದು ಕೂರುವ ನಮಗೆ ಆ ಚರಿತ್ರೆ ಬೇಕಾಗಿಲ್ಲ.

ಅದು ಆರಂಭವಾದದ್ದು ಒಂದು ಚಳಿಗಾಲದ ಆಜ್ಞೆಯಿಂದ. 602ರಲ್ಲಿ ರೋಮನ್ ಚಕ್ರವರ್ತಿ ಮೌರಿಸ್, ಖಜಾನೆಯ ಖರ್ಚನ್ನು ಉಳಿಸುವ ಸಲುವಾಗಿ, ತನ್ನ ಸೈನ್ಯವು ಡ್ಯಾನ್ಯೂಬ್ ನದಿಯ ಆಚೆ ದಡದ ವೈರಿ ನೆಲದಲ್ಲೇ ಚಳಿಗಾಲವನ್ನು ಕಳೆಯಬೇಕೆಂದು ವಿಧಿಸಿದನು. ಹಿಮದಲ್ಲಿ, ಹೊಟ್ಟೆಗೂ ಸರಿಯಾಗಿಲ್ಲದೆ ಸಾಯಲು ಒಪ್ಪದ ಸೈನಿಕರು ದಂಗೆಯೆದ್ದರು. ಫೋಕಸ್ ಎಂಬ ಕೆಳದರ್ಜೆಯ ಅಧಿಕಾರಿಯನ್ನು ನಾಯಕನನ್ನಾಗಿ ಮಾಡಿಕೊಂಡು ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ನುಗ್ಗಿದರು. ಮೌರಿಸ್ ಓಡಿದನು, ಆದರೆ ಸಿಕ್ಕಿಬಿದ್ದನು. ಅವನ ಐವರು ಗಂಡುಮಕ್ಕಳನ್ನು ಅವನ ಕಣ್ಣೆದುರಿಗೇ ಒಬ್ಬೊಬ್ಬರಾಗಿ ಕೊಂದು, ಕೊನೆಗೆ ಅವನನ್ನೂ ಕೊಂದರು. ಹಿರಿಯ ಮಗ ಥಿಯೊಡೋಸಿಯಸ್ ಆಗ ಅಲ್ಲಿರಲಿಲ್ಲ. ಅವನನ್ನೂ ಬಳಿಕ ಹಿಡಿದು ಕೊಂದರೆನ್ನಲಾಗಿದೆ.

ಪರ್ಶಿಯಾದಲ್ಲಿ ಆಗ ಎರಡನೇ ಖುಸ್ರೋ ಆಳುತ್ತಿದ್ದನು. ನಮ್ಮ ಗ್ರಂಥಗಳಲ್ಲಿ ಬರುವ ಕಿಸ್ರಾ ಇವನೇ. ಇವನು ಸಿಂಹಾಸನದಲ್ಲಿ ಕುಳಿತಿದ್ದುದೇ ಮೌರಿಸನ ಕೃಪೆಯಿಂದ. 590ರಲ್ಲಿ ಬಹ್ರಾಮ್ ಚೋಬೀನ್ ಎಂಬ ಸೇನಾಪತಿ ಸಿಂಹಾಸನವನ್ನು ಕಸಿದುಕೊಂಡಾಗ ತರುಣ ಖುಸ್ರೋ ರೋಮನ್ನರ ನೆಲಕ್ಕೆ ಓಡಿಬಂದಿದ್ದನು. ಮೌರಿಸ್ ಅವನಿಗೆ ಸೈನ್ಯವನ್ನು ಕೊಟ್ಟು ಮರಳಿ ಪಟ್ಟಕ್ಕೇರಿಸಿದನು, ಬದಲಿಗೆ ದಾರಾ ಕೋಟೆಯನ್ನೂ ಅರ್ಮೇನಿಯದ ಬಹುಭಾಗವನ್ನೂ ಪಡೆದನು. ಈಗ ಉಪಕಾರಿಯ ಕೊಲೆಯಾಗಿತ್ತು. ಸೇಡು ತೀರಿಸುವೆನೆಂದು ಖುಸ್ರೋ ಹೊರಟನು. ತಪ್ಪಿಸಿಕೊಂಡು ಬಂದ ರಾಜಕುಮಾರ ಥಿಯೊಡೋಸಿಯಸ್ ಇವನೇ ಎಂದು ಒಬ್ಬ ಯುವಕನನ್ನೂ ಜೊತೆಗಿಟ್ಟುಕೊಂಡನು.

ಸೇಡಿನ ಯುದ್ಧವಾಗಿದ್ದರೆ ಅದು 610ಕ್ಕೇ ಮುಗಿಯಬೇಕಾಗಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಕಾರ್ಥೇಜಿನ ರಾಜ್ಯಪಾಲನ ಮಗ ಹೆರಾಕ್ಲಿಯಸ್ ಹಡಗುಗಳೊಂದಿಗೆ ಬಂದು ಫೋಕಸನನ್ನು ಕೊಂದು ತಾನೇ ಚಕ್ರವರ್ತಿಯಾದನು. (ಹಿರಾ ಗುಹೆಯಲ್ಲಿ ಪ್ರಥಮ ದಿವ್ಯವಾಣಿ ಅವತೀರ್ಣವಾದದ್ದೂ ಅದೇ ವರ್ಷ. ಕಾನ್‌ಸ್ಟಾಂಟಿನೋಪಲ್‌ನಲ್ಲಾಗಲಿ ಪರ್ಶಿಯಾದ ರಾಜಧಾನಿ ಮದಾಇನ್‌ನಲ್ಲಾಗಲಿ ಅದನ್ನು ಅರಿತವರು ಒಬ್ಬರೂ ಇರಲಿಲ್ಲ.) ಕೊಲೆಗಾರ ಸತ್ತನು, ಸೇಡು ತೀರಿತು. ಆದರೆ ಅಷ್ಟರಲ್ಲಿ ಖುಸ್ರೋನ ಸೈನ್ಯ ದಾರಾ ಮತ್ತು ಎಡೆಸ್ಸಾಗಳನ್ನು ದಾಟಿ ಬಂದಿತ್ತು. ಹೆಸರಿಗೆ ನ್ಯಾಯಕ್ಕಾಗಿ ಆರಂಭವಾದ ಯುದ್ಧವು ನ್ಯಾಯ ದೊರೆತ ಮೇಲೂ ನಿಲ್ಲಲಿಲ್ಲ. 615ರಲ್ಲಿ ಪರ್ಶಿಯನ್ ಸೈನ್ಯ ಕಾನ್‌ಸ್ಟಾಂಟಿನೋಪಲ್‌ನ ಎದುರು ದಡಕ್ಕೆ ಬಂದು ನಿಂತಾಗ ರೋಮನ್ನರು ತಲೆಬಾಗಿದರು. ಕಪ್ಪ ಕೊಡುವೆವೆಂದೂ ಹೆರಾಕ್ಲಿಯಸನನ್ನು ಖುಸ್ರೋನ ಮಗನಂತೆ ಕಾಣಬೇಕೆಂದೂ ಸೆನೆಟ್ ದೂತರ ಮೂಲಕ ಪತ್ರ ಕಳಿಸಿತು. ಖುಸ್ರೋ ದೂತರನ್ನು ಸೆರೆಗೆ ಹಾಕಿದನು. ಸಂಧಿಗೆ ಅದಕ್ಕಿಂತ ಉತ್ತಮ ಅವಕಾಶ ಅವನಿಗೆ ಮತ್ತೆಂದೂ ಒದಗಲಿಲ್ಲ.

ಜೆರುಸಲೇಮಿನಲ್ಲಿ ನಡೆದುದನ್ನು ಸ್ವಲ್ಪ ನಿಂತು ನೋಡಬೇಕು. ಮಕ್ಕಾದಲ್ಲಿ 'ಸುದ್ದಿ'ಯಾಗಿ ತಲುಪಿದ್ದು ಅಲ್ಲಿ ಮನುಷ್ಯರ ಶವಗಳಾಗಿತ್ತು. ಶಹರ್‌ಬರಾಜ್ ಎಂಬ ಸೇನಾಪತಿ ಮುತ್ತಿಗೆ ಹಾಕಿ ಗೋಡೆಯನ್ನು ಒಡೆದನು. ಸಾವಿರಾರು ಮಂದಿ ಕೊಲೆಯಾದರು. ಧರ್ಮಗುರು ಜಕರಿಯಾಸ್ ಸಹಿತ ಸಾವಿರಾರು ಮಂದಿಯನ್ನು ಸೆರೆಯಾಳುಗಳಾಗಿ ಪರ್ಶಿಯಾಕ್ಕೆ ನಡೆಸಿಕೊಂಡು ಹೋದರು. ಕ್ರೈಸ್ತರು ಪೂಜಿಸುತ್ತಿದ್ದ ಶಿಲುಬೆಯೂ ಮದಾಇನ್‌ಗೆ ಹೋಯಿತು. ನಗರದ ಹೊರಗಿನ ಮಮಿಲ್ಲಾ ಎಂಬಲ್ಲಿ, ಮುಂದೆ ಮುಸ್ಲಿಮರ ದೊಡ್ಡ ಖಬರಸ್ತಾನವಾದ ಪ್ರದೇಶದ ಆಸುಪಾಸಿನಲ್ಲಿ, ಆ ಕಾಲದ್ದೆನ್ನಲಾದ ನೂರಾರು ಮಂದಿಯ ಮೂಳೆಗಳು ಒಂದೇ ಗುಹೆಯಲ್ಲಿ ಉತ್ಖನನದ ವೇಳೆ ದೊರೆತಿವೆ. ಅವರಲ್ಲಿ ಯಾರೂ ಮೌರಿಸನನ್ನು ಕೊಂದವರಲ್ಲ.

ರಾಜಧಾನಿಯ ಬಡವರ ಕಥೆ ಬೇರೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಶತಮಾನಗಳಿಂದ ಪ್ರಜೆಗಳಿಗೆ ಸರಕಾರ ಉಚಿತವಾಗಿ ರೊಟ್ಟಿ ಹಂಚುತ್ತಿತ್ತು, ಈಜಿಪ್ಟಿನಿಂದ ಬರುವ ಗೋಧಿಯ ಬಲದಿಂದ. 618ರಲ್ಲಿ ಆ ಹಂಚಿಕೆ ನಿಂತಿತು. ಮರುವರ್ಷ ಅಲೆಕ್ಸಾಂಡ್ರಿಯಾ ಕೂಡಾ ಪರ್ಶಿಯನ್ನರ ಕೈಸೇರಿತು. ಅದಕ್ಕೆ ಮೊದಲೇ, 615ರಲ್ಲಿ, ಸರಕಾರಿ ಸಂಬಳಗಳನ್ನು ಅರ್ಧಕ್ಕೆ ಇಳಿಸಿ ಹೊಸ ಬೆಳ್ಳಿ ನಾಣ್ಯದಲ್ಲಿ ಕೊಡಲಾರಂಭಿಸಿದ್ದರು. ದೇವನು ರೋಮನ್ನರಿಗೆ ನೆರವಾಗಲಿ ಎಂಬ ಪ್ರಾರ್ಥನೆಯನ್ನು ಆ ನಾಣ್ಯದ ಮೇಲೆಯೇ ಮುದ್ರಿಸಿದ್ದರು. 622ರಲ್ಲಿ, ಅಂದರೆ ಹಿಜ್ರಾದ ವರ್ಷ, ಹೆರಾಕ್ಲಿಯಸ್ ಇಗರ್ಜಿಗಳ ಚಿನ್ನ ಬೆಳ್ಳಿಯನ್ನು ಸಾಲವಾಗಿ ಪಡೆದು, ಕರಗಿಸಿ, ನಾಣ್ಯ ಹೊಡೆಸಿ, ಆ ಹಣದಿಂದ ಸೈನ್ಯ ಕಟ್ಟಿ ಪೂರ್ವಕ್ಕೆ ಹೊರಟನು.

ಅದು ಧರ್ಮಯುದ್ಧವೆಂದು ಎರಡೂ ಕಡೆಯವರು ಹೇಳಿಕೊಂಡರು. ಹೆರಾಕ್ಲಿಯಸ್ ತನ್ನ ಸೈನಿಕರಿಗೆ ಪರಲೋಕದ ಪ್ರತಿಫಲದ ಭರವಸೆಯನ್ನಿತ್ತನು. ಜೆರುಸಲೇಮಿಗೆ ಪ್ರತೀಕಾರವೆಂಬಂತೆ ಪರ್ಶಿಯನ್ನರ ಮಹಾ ಅಗ್ನಿದೇಗುಲವೊಂದನ್ನು ಧ್ವಂಸಗೈದನು. ಆದರೆ ಒಳಗೆ ಇಣುಕಿದರೆ ಈ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಖುಸ್ರೋನ ಪ್ರೀತಿಯ ಪತ್ನಿ ಶೀರೀನ್ ಕ್ರೈಸ್ತಳು. ಅವನ ಕಂದಾಯ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಯಜ್ದೀನ್ ಕ್ರೈಸ್ತ. ಇತ್ತ ಕ್ರೈಸ್ತ ಧರ್ಮದ ರಕ್ಷಕನೆನಿಸಿದ ಹೆರಾಕ್ಲಿಯಸನು ಯಾವ ದೇವಗ್ರಂಥವನ್ನೂ ಒಪ್ಪದ ತುರ್ಕರ ಖಾಗಾನನಿಗೆ ತನ್ನ ಮಗಳನ್ನೇ ಕೊಡುವ ಮಾತಿತ್ತು ಅವನ ಸೈನ್ಯವನ್ನು ಪಡೆದನು. ಸಿರಿಯಾ ಮತ್ತು ಈಜಿಪ್ಟಿನ ಕ್ರೈಸ್ತರಲ್ಲಿ ಅನೇಕರು ಯೇಸುವಿನ ಸ್ವರೂಪದ ಕುರಿತಾದ ತರ್ಕದಲ್ಲಿ ರಾಜಧಾನಿಯ ಇಗರ್ಜಿಯನ್ನು ಒಪ್ಪದವರಾಗಿದ್ದರು, ಅದಕ್ಕಾಗಿ ತಮ್ಮದೇ ಚಕ್ರವರ್ತಿಗಳಿಂದ ಹಿಂಸೆ ಅನುಭವಿಸಿದ್ದರು. ರೋಮನ್ನರಿಂದ ನೊಂದ ಯಹೂದಿಗಳು 614ರಲ್ಲಿ ಪರ್ಶಿಯನ್ನರ ಜೊತೆಗೂಡಿದರು. ಕೆಲವು ವರ್ಷಗಳಲ್ಲಿ ಪರ್ಶಿಯನ್ನರು ಅವರ ಕೈಬಿಟ್ಟರು, ಹಿಂದಿರುಗಿ ಬಂದ ಹೆರಾಕ್ಲಿಯಸ್ ಅವರನ್ನು ಶಿಕ್ಷಿಸಿದನು. ಸಾಮ್ರಾಜ್ಯಗಳ ಜಗಳದಲ್ಲಿ ದುರ್ಬಲರು ಯಾರ ಕೈ ಹಿಡಿದರೂ ಬಿಲ್ಲು ಕೊನೆಗೆ ಅವರ ಹೆಸರಿಗೇ ಬರುತ್ತದೆ.

ಅರಬರಿಗೂ ಇದರ ಬಿಸಿ ತಟ್ಟದಿರಲಿಲ್ಲ. ಮರುಭೂಮಿಯ ಅಂಚಿನಲ್ಲಿ ಪರ್ಶಿಯನ್ನರ ಪರವಾಗಿ ಹೀರಾದ ಲಖ್ಮೀ ಅರಸರೂ ರೋಮನ್ನರ ಪರವಾಗಿ ಗಸ್ಸಾನೀ ನಾಯಕರೂ ತಲೆಮಾರುಗಳಿಂದ ಪರಸ್ಪರ ರಕ್ತ ಹರಿಸುತ್ತಿದ್ದರು. ಯಾರದೋ ಗಡಿಗೆ ಇವರ ಕಾವಲು. ಖುಸ್ರೋ ತನ್ನದೇ ಸಾಮಂತ ನುಅ್ಮಾನನನ್ನು ಕೊಲ್ಲಿಸಿ ಆ ವಂಶದ ಆಳ್ವಿಕೆಯನ್ನೇ ಮುಗಿಸಿದನು. ತಾನು ಕಿತ್ತೊಗೆದದ್ದು ತನ್ನ ಮನೆಯ ದಕ್ಷಿಣದ ಬೇಲಿಯೆಂಬುದು ಅವನಿಗೆ ಹೊಳೆಯಲಿಲ್ಲ.

626ರಲ್ಲಿ ಕಾನ್‌ಸ್ಟಾಂಟಿನೋಪಲ್ ಯುರೋಪಿನ ಕಡೆಯಿಂದ ಅವಾರರ ಮುತ್ತಿಗೆಗೆ ಸಿಕ್ಕಿ, ಎದುರು ದಡದಲ್ಲಿ ಪರ್ಶಿಯನ್ನರು ಕಾದು ನಿಂತಿದ್ದಾಗಲೂ ಬೀಳಲಿಲ್ಲ. 627ರ ಡಿಸೆಂಬರಿನಲ್ಲಿ ನಿನೆವೆಯ ಬಳಿ ಹೆರಾಕ್ಲಿಯಸ್ ಪರ್ಶಿಯನ್ನರನ್ನು ಸೋಲಿಸಿದನು. 628ರ ಫೆಬ್ರವರಿಯಲ್ಲಿ ಖುಸ್ರೋನ ಸ್ವಂತ ಮಗ ಶೀರೂಯೆ ತಂದೆಯನ್ನು ಸೆರೆಹಿಡಿದನು, ತನ್ನ ಸಹೋದರರನ್ನು ಕೊಲ್ಲಿಸಿದನು, ತಂದೆಯನ್ನೂ ಕೊಲ್ಲಿಸಿದನು. ಒಬ್ಬ ಅರಸನ ಮಕ್ಕಳ ಕೊಲೆಯಿಂದ ಆರಂಭವಾದ ಯುದ್ಧ ಇನ್ನೊಬ್ಬ ಅರಸನ ಮಕ್ಕಳ ಕೊಲೆಯಲ್ಲಿ ಮುಗಿಯಿತು. ಸಂಧಿಯ ಪ್ರಕಾರ ಗಡಿ ಹಿಂದೆ ಎಲ್ಲಿತ್ತೋ ಅಲ್ಲಿಗೇ ಮರಳಿತು.

ಇಲ್ಲಿ ಕನ್ನಡ ನಾಡಿನ ಒಂದು ಎಳೆಯೂ ಸೇರಿಕೊಂಡಿದೆ. ಭಾರತದ ಅರಸನೊಬ್ಬ ಖುಸ್ರೋನ ಆಳ್ವಿಕೆಯ 36ನೇ ವರ್ಷದಲ್ಲಿ ಅವನಿಗೂ ಅವನ ಮಕ್ಕಳಿಗೂ ಕಾಣಿಕೆ ಮತ್ತು ಪತ್ರಗಳನ್ನು ಕಳಿಸಿದನೆಂದೂ, ಶೀರೂಯೆಗೆ ಬರೆದ ಪತ್ರದಲ್ಲಿ ಅವನು 38ನೇ ವರ್ಷದಲ್ಲಿ ಪಟ್ಟವೇರುವನೆಂಬ ಮಾತಿತ್ತೆಂದೂ ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಆ ಅರಸ ಬಾದಾಮಿಯ ಚಾಲುಕ್ಯ ಇಮ್ಮಡಿ ಪುಲಕೇಶಿಯೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಪುಲಕೇಶಿಯೂ ಸುಮಾರು 610ರಲ್ಲಿ, ಹೆರಾಕ್ಲಿಯಸನ ಕಾಲಕ್ಕೇ, ಪಟ್ಟಕ್ಕೆ ಬಂದವನು. ಚಿಕ್ಕಪ್ಪನನ್ನು ಸೋಲಿಸಿ ಸಿಂಹಾಸನವೇರಿದವನು. ನರ್ಮದೆಯ ತೀರದಲ್ಲಿ ಹರ್ಷವರ್ಧನನನ್ನು ತಡೆದ ಅವನ ಕೀರ್ತಿಯನ್ನು ಐಹೊಳೆಯ ಶಾಸನ 634ರಲ್ಲಿ ಕಲ್ಲಿನ ಮೇಲೆ ಹೇಳಿತು. ಎಂಟೇ ವರ್ಷಗಳಲ್ಲಿ, 642ರಲ್ಲಿ, ಪಲ್ಲವರ ನರಸಿಂಹವರ್ಮನು ಬಾದಾಮಿಯನ್ನು ವಶಪಡಿಸಿಕೊಂಡನು. ನಹಾವಂದ್‌ನಲ್ಲಿ ಪರ್ಶಿಯನ್ ಸಾಮ್ರಾಜ್ಯದ ಕೊನೆಯ ಮಹಾಸೈನ್ಯ ಮುಸ್ಲಿಮರೆದುರು ಚದುರಿದ್ದೂ ಅದೇ ವರ್ಷ. ಭೂಮಿಯಲ್ಲಿ ಸಂಚರಿಸಿ ನೋಡಲು ನಮ್ಮವರು ದೂರ ಹೋಗಬೇಕಾಗಿಲ್ಲ, ಬಾಗಲಕೋಟೆ ಜಿಲ್ಲೆಗೆ ಬಸ್ಸಿದೆ.

ಯುದ್ಧ ಮುಗಿದ ಮೇಲೆ ಎರಡೂ ಸಾಮ್ರಾಜ್ಯಗಳ ಸ್ಥಿತಿಯನ್ನು ನೋಡಿ. ಶೀರೂಯೆ ಕೆಲವೇ ತಿಂಗಳಲ್ಲಿ ಸತ್ತನು, ಪ್ಲೇಗ್‌ನಿಂದೆಂದು ಹೇಳಲಾಗುತ್ತದೆ. ಪಟ್ಟಕ್ಕೆ ಬಂದದ್ದು ಅವನ ಪುಟ್ಟ ಮಗ. ಜೆರುಸಲೇಮನ್ನು ಗೆದ್ದಿದ್ದ ಶಹರ್‌ಬರಾಜ್ ಆ ಮಗುವನ್ನು ಕೊಂದು 630ರಲ್ಲಿ ತಾನೇ ಅರಸನಾದನು, ಸುಮಾರು 40 ದಿನ ಆಳಿ ಕೊಲೆಯಾದನು. ಖುಸ್ರೋನ ಹೆಣ್ಣುಮಕ್ಕಳಾದ ಬೋರಾನ್ ಮತ್ತು ಆಜರ್ಮಿದುಖ್ತ್ ಪಟ್ಟದಲ್ಲಿ ಕುಳಿತು ಇಳಿದರು. 632ರಲ್ಲಿ ಯಜ್ದಗಿರ್ದ್ ಎಂಬ ಹುಡುಗನ ತಲೆಯ ಮೇಲೆ ಕಿರೀಟವಿಟ್ಟಾಗ ಅದರ ಕೆಳಗೆ ರಾಜ್ಯವೆಂಬುದು ಹೆಚ್ಚು ಉಳಿದಿರಲಿಲ್ಲ. ಇತ್ತ ಹೆರಾಕ್ಲಿಯಸ್ 630ರಲ್ಲಿ ಶಿಲುಬೆಯನ್ನು ಜೆರುಸಲೇಮಿಗೆ ಮರಳಿಸಿ ಮೆರವಣಿಗೆ ನಡೆಸಿದನು. ಗೆದ್ದ ಅಮಲಿನಲ್ಲಿ ಪ್ರಜೆಗಳನ್ನೆಲ್ಲ ಒಂದೇ ನಂಬಿಕೆಗೆ ತರುವ ಹಟಕ್ಕೆ ಬಿದ್ದನು. ಯಹೂದಿಗಳಿಗೆ ಬಲವಂತದ ಜ್ಞಾನಸ್ನಾನದ ಆಜ್ಞೆಯಾಯಿತು. ಈಜಿಪ್ಟಿನ ಕ್ರೈಸ್ತರ ಮೇಲೆ ಅವನ ಧರ್ಮಾಧಿಕಾರಿ ಸೈರಸ್ ನಡೆಸಿದ ದಬ್ಬಾಳಿಕೆಯನ್ನು ಕಾಪ್ಟಿಕ್ ಇಗರ್ಜಿ ಇಂದಿಗೂ ಮರೆತಿಲ್ಲ. 636ರಲ್ಲಿ ಯರ್ಮೂಕ್‌ನಲ್ಲಿ ಅವನ ಸೈನ್ಯ ಮುಸ್ಲಿಮರೆದುರು ಸೋತಿತು. ಜೀವಮಾನವಿಡೀ ಹೋರಾಡಿ ಮರಳಿ ಪಡೆದಿದ್ದ ಸಿರಿಯಾ ಕೈಬಿಟ್ಟುದನ್ನು ನೋಡಿಯೇ ಅವನು 641ರಲ್ಲಿ ಸತ್ತನು.

ಎರಡು ಸಾಮ್ರಾಜ್ಯಗಳು ಪರಸ್ಪರ ಹೊಡೆದಾಡಿ ಬಸವಳಿದಿದ್ದುದರಿಂದಲೇ ಅರಬರು ಗೆದ್ದರೆಂದು ಕೆಲವರು ಹೇಳುವಾಗ ನಮ್ಮಲ್ಲಿ ಹಲವರಿಗೆ ಸಿಟ್ಟು ಬರುತ್ತದೆ, ಈಮಾನಿನ ಬಲವನ್ನು ನಿರಾಕರಿಸಿದಂತೆ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಬಸವಳಿದಿದ್ದುದು ನಿಜ. ಅಲ್ಲಾಹನು ಕಾರಣಗಳ ಮೂಲಕವೇ ಕಾರ್ಯವನ್ನು ನಡೆಸುತ್ತಾನೆ. ಆದರೆ ಬಸವಳಿದ ವೈರಿಯನ್ನು ಸೋಲಿಸಿದವರೆಲ್ಲ ನಗರದೊಳಗೆ ಹೇಗೆ ಕಾಲಿಟ್ಟರೆಂಬುದು ಬೇರೆ ಪ್ರಶ್ನೆ. 614ರಲ್ಲಿ ರಕ್ತದಲ್ಲಿ ಮಿಂದ ಜೆರುಸಲೇಮ್, ಎರಡೂವರೆ ದಶಕಗಳೊಳಗೆ ಧರ್ಮಗುರು ಸೊಫ್ರೋನಿಯಸನ ಮೂಲಕ ಉಮರ್(ರ)ರಿಗೆ ಶರಣಾಯಿತು, ಕಗ್ಗೊಲೆ ನಡೆಯಲಿಲ್ಲ. ಅದರ ಕುರಿತು ನಾವು ಹೆಮ್ಮೆಪಡಬಹುದು. ಹೆಮ್ಮೆಪಡುವಾಗ ಇದನ್ನೂ ನೆನೆಯಬೇಕು: 657ರಲ್ಲಿ, ಯೂಫ್ರೆಟಿಸ್ ತೀರದ ಸಿಫ್ಫೀನ್‌ನಲ್ಲಿ, ರೋಮನ್ನರೂ ಪರ್ಶಿಯನ್ನರೂ ಹಿಂದೆ ಕಾದಾಡಿದ ಅದೇ ಸೀಮೆಯಲ್ಲಿ, ಮುಸ್ಲಿಮರೇ ಮುಸ್ಲಿಮರ ಎದುರು ನಿಂತರು. ಸಹಾಬಿಗಳ ನಡುವಿನ ಆ ದುಃಖದ ಕುರಿತು ತೀರ್ಪು ನೀಡುವ ಯೋಗ್ಯತೆ ನಮಗಿಲ್ಲ. ಆದರೆ ಒಂಬತ್ತನೇ ಸೂಕ್ತವು ನಮ್ಮನ್ನು ಹೊರತುಪಡಿಸಿ ಇತರರಿಗೆ ಮಾತ್ರ ಅವತೀರ್ಣವಾದದ್ದೆಂದು ಭಾವಿಸುವ ಹಕ್ಕೂ ನಮಗಿಲ್ಲ.

ಇಂದು ಎಲ್ಲೋ ಎರಡು ದೇಶಗಳ ನಡುವೆ ಕ್ಷಿಪಣಿಗಳು ಹಾರಿದರೆ ಜುಮಾ ಮುಗಿಸಿ ಹೊರಬರುವ ನಮ್ಮ ಯುವಕರು ಕ್ರಿಕೆಟ್ ಪಂದ್ಯದ ಅಂಕಗಳನ್ನು ಕೇಳುವಂತೆ ಕೇಳುತ್ತಾರೆ: ಯಾರು ಮುಂದಿದ್ದಾರೆ? ಬಾಂಬು ಬಿದ್ದ ನಗರದ ಹೆಸರನ್ನು ಅವರು ಅರ್ಧಂಬರ್ಧ ಉಚ್ಚರಿಸುತ್ತಾರೆ, ಬಾಂಬಿನ ಹೆಸರನ್ನು ಮಾತ್ರ ತಪ್ಪದೆ ಹೇಳುತ್ತಾರೆ. ಹಿರಿಯರೂ ಕಡಿಮೆಯೇನಿಲ್ಲ, ನಾನೂ ಆ ಗುಂಪಿನಲ್ಲಿ ನಿಂತವನೇ. ಇದಕ್ಕೆ ಅರ್ರೂಮ್ ಅಧ್ಯಾಯವನ್ನೇ ಆಧಾರವಾಗಿ ಮುಂದಿಡುವವರನ್ನೂ ಕಂಡಿದ್ದೇನೆ. ಸಹಾಬಿಗಳೂ ಒಂದು ಪಕ್ಷದ ಗೆಲುವಿಗಾಗಿ ಹಾರೈಸಿರಲಿಲ್ಲವೇ ಎನ್ನುತ್ತಾರೆ.

ಹಾರೈಸಿದ್ದರು, ನಿಜ. ಆದರೆ ಅವರ ಸಂತೋಷವು ಕೈಸರನ ಸಂತೋಷವಾಗಿರಲಿಲ್ಲ. ಹಿಂದೆಯೂ ಮುಂದೆಯೂ ಅಧಿಕಾರ ಅಲ್ಲಾಹನದೇ ಎಂಬ ಮಾತು ಆ ಸೂಕ್ತಗಳಲ್ಲೇ ಇದೆ, ವಿಶ್ವಾಸಿಗಳು ಸಂತೋಷಪಡುವುದು ಅಲ್ಲಾಹನ ಸಹಾಯದಿಂದಲೇ ಎಂದೂ ಇದೆ. ಕೆಲವು ವರದಿಗಳು ಆ ಸಂತೋಷದ ದಿನವನ್ನು ಬದ್ರ್‌ನ ಕಾಲಕ್ಕೂ ಇನ್ನು ಕೆಲವು ಹುದೈಬಿಯಾದ ಕಾಲಕ್ಕೂ ಸೇರಿಸುತ್ತವೆ. ಗೆದ್ದ ಹೆರಾಕ್ಲಿಯಸನಿಗೆ ಪ್ರವಾದಿ ಮುಹಮ್ಮದ್(ಸ)ರು ದಿಹ್ಯತುಲ್ ಕಲ್ಬೀ(ರ)ರ ಮೂಲಕ ಪತ್ರ ಕಳಿಸಿದಾಗ ಅದು ಅಭಿನಂದನೆಯ ಪತ್ರವಾಗಿರಲಿಲ್ಲ. ಸತ್ಯದೆಡೆಗಿನ ಕರೆಯಾಗಿತ್ತು, ಪ್ರಜೆಗಳ ಹೊಣೆ ಅವನ ಮೇಲಿದೆಯೆಂಬ ಎಚ್ಚರಿಕೆ ಅದರಲ್ಲಿತ್ತು. ಕಿಸ್ರಾನಿಗೂ ಅದೇ ಕರೆ ಹೋಯಿತು. ಅವನು ಪತ್ರವನ್ನು ಹರಿದು ಹಾಕಿದನು. ಪ್ರವಾದಿವರ್ಯರು(ಸ) ಸೋತವನಿಗೊಂದು ಧ್ವನಿ, ಗೆದ್ದವನಿಗೊಂದು ಧ್ವನಿ ಬಳಸಲಿಲ್ಲ. 629ರಲ್ಲಿ, ಆ ಮಹಾಗೆಲುವು ಮುಗಿದು ಹೆಚ್ಚು ಕಾಲವಾಗುವ ಮುನ್ನವೇ, ಮುಅ್ತಾದಲ್ಲಿ ಮುಸ್ಲಿಮರ ಎದುರು ಬಂದದ್ದು ಅದೇ ರೋಮನ್ನರ ಸೈನ್ಯ. ಝೈದ್(ರ), ಜಅ್ಫರ್(ರ), ಅಬ್ದುಲ್ಲಾ ಬಿನ್ ರವಾಹಾ(ರ) ಅಲ್ಲಿ ಹುತಾತ್ಮರಾದರು.

ಅಬೂಬಕರ್(ರ)ರ ಪಣದ ಕಥೆಯನ್ನೂ ನಾವು ಅರ್ಧಕ್ಕೇ ನಿಲ್ಲಿಸುವುದುಂಟು. ಮೊದಲು ಹತ್ತು ಒಂಟೆಗಳ ಪಣವಿತ್ತು. ಬಳಿಕ ಅವಧಿಯನ್ನೂ ಪಣವನ್ನೂ ಹಿಗ್ಗಿಸಿ ನೂರಕ್ಕೆ ಏರಿಸಲಾಯಿತು. ರೋಮನ್ನರು ಗೆದ್ದ ಸುದ್ದಿ ಬಂದಾಗ ಉಬೈಯ್ ಬದುಕಿರಲಿಲ್ಲ. ಅವನ ವಾರಸುದಾರರು ಒಂಟೆಗಳನ್ನು ಕೊಟ್ಟರು. ಅಬೂಬಕರ್(ರ) ಅವುಗಳನ್ನು ಅಟ್ಟಿಕೊಂಡು ಪ್ರವಾದಿವರ್ಯರ(ಸ) ಬಳಿಗೆ ಬಂದರು. ಇವನ್ನು ದಾನ ಮಾಡಿಬಿಡಿ ಎಂದು ಅವರು ಹೇಳಿದರೆಂದು ವರದಿಯಿದೆ. 26 ವರ್ಷಗಳ ಆ ಯುದ್ಧದಲ್ಲಿ ಯಾರಾದರೂ ಗೆದ್ದರೆಂಬ ಕಾರಣಕ್ಕೆ ಮದೀನಾದ ಒಬ್ಬ ಮುಸ್ಲಿಮನ ಕೈಸೇರಿದ ಲಾಭ ಆ ನೂರು ಒಂಟೆಗಳು. ಅವು ಒಂದೂ ಅವರ ಹಟ್ಟಿಯಲ್ಲಿ ಉಳಿಯಲಿಲ್ಲ.